ಒಂಬತ್ತನೇ ಮನೆಯ ಬಿಸಿಲು

ಮೋಡಣ್ಣನ ಕಷ್ಟವೆಲ್ಲ ಶುರುವಾದದ್ದು ಒಂದು ಚೀಟಿಯಿಂದ. ರಕ್ತಪರೀಕ್ಷೆಯ ಚೀಟಿ. ಅದರಲ್ಲಿ ವಿಟಮಿನ್ ಡಿ ಎಂಬ ಸಾಲಿನ ಮುಂದಿದ್ದ ಅಂಕಿಯನ್ನು ಡಾಕ್ಟರು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದರು. ಆಮೇಲೆ ಮೋಡಣ್ಣನ ಮುಖವನ್ನೂ ಹಾಗೆಯೇ ಎರಡು ಸಲ ನೋಡಿದರು.

“ನೀವು ಕೆಲಸ ಮಾಡೋದು ಎಲ್ಲಿ?”

“ನೆಲಮಾಳಿಗೇಲಿ ಸಾರ್. ರೆಕಾರ್ಡ್ ರೂಮು. ಹದಿನಾಲ್ಕು ವರ್ಷ ಆಯ್ತು.”

“ಬಿಸಿಲು?”

“ಭಾನುವಾರ ಇರುತ್ತೆ ಅಂತ ಕೇಳಿದ್ದೀನಿ. ಅವತ್ತು ಮಲಗಿರ್ತೀನಿ.”

ಡಾಕ್ಟರು ಮಾತ್ರೆ ಬರೆದುಕೊಟ್ಟರು. “ಇದನ್ನ ತಗೊಳ್ಳಿ. ದಿನಾ ಅರ್ಧ ಗಂಟೆ ಬಿಸಿಲಲ್ಲಿ ಕೂತ್ಕೊಳ್ಳಿ. ಮೂಳೆಗೂ ಒಳ್ಳೇದು, ಮನಸ್ಸಿಗೂ ಒಳ್ಳೇದು. ಬೆಳಕೇ ಕಾಣದೆ ಇದ್ರೆ ಎಂಥ ಮನುಷ್ಯನೂ ಕುಗ್ಗಿ ಹೋಗ್ತಾನೆ. ಆದ್ರೆ ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ ಇದು, ಎರಡು ಮೂರು ತಿಂಗಳು ಹಿಡಿಯುತ್ತೆ.”

ಮೋಡಣ್ಣ ಗಡಿಯಾರ ನೋಡಿದ. ಬೆಳಗಿನ ಹತ್ತು ಗಂಟೆ. ಅವನ ಕೈಯಲ್ಲಿ ಇದ್ದದ್ದು ಐದೇ ಗಂಟೆ.

ಮೋಡಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ನೆರೆಹೊರೆಯವರು ಕರುಣಿಸಿದ್ದು. ಅವನೇನೂ ಸಿಡುಕನಲ್ಲ, ಕೆಟ್ಟವನಲ್ಲ. ಮುಖ ಮಾತ್ರ ಸದಾ ಈಗಲೋ ಆಗಲೋ ಸುರಿಯುವಂತೆ ಇರುತ್ತಿತ್ತು. ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಕಣ್ಣು ಬಿಡುವ ಮೊದಲೇ ನೆಲಮಾಳಿಗೆಗೆ ಇಳಿಯುತ್ತಿದ್ದ, ಮೇಲೆ ಬರುವಷ್ಟರಲ್ಲಿ ಹೊರಗೂ ಒಳಗಿನಷ್ಟೇ ಕತ್ತಲೆ. ಕೊನೆಯ ಸಲ ನಕ್ಕದ್ದು ಯಾವಾಗ ಎಂದು ಅವನಿಗೇ ನೆನಪಿರಲಿಲ್ಲ. ಆರು ವರ್ಷದ ಮಗಳು ಒಂದು ದಿನ ಅವನ ಗಲ್ಲ ಹಿಡಿದು ನೋಡಿ, “ಅಮ್ಮಾ, ಅಪ್ಪನ ಮುಖದಲ್ಲಿ ಕರೆಂಟ್ ಹೋಗಿದೆ” ಎಂದಿದ್ದಳು. ಹೆಂಡತಿ ನಕ್ಕಿದ್ದಳು. ಮೋಡಣ್ಣ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ.

ಈಗ ಆ ನೆಲಮಾಳಿಗೆಯಿಂದ ಪಾರಾಗುವ ದಾರಿಯೊಂದು ತೆರೆದಿತ್ತು. ಮೊದಲ ಮಹಡಿಯ ವಿಚಾರಣೆ ಕೌಂಟರ್ ಖಾಲಿಯಾಗಿತ್ತು. ಕೌಂಟರಿನ ಪಕ್ಕದಲ್ಲಿ ಆಳೆತ್ತರದ ಕಿಟಕಿ, ಬೆಳಗ್ಗೆಯಿಂದ ಸಂಜೆಯವರೆಗೆ ಬಿಸಿಲು. ಕೆಳಗಿನ ಇಬ್ಬರಲ್ಲಿ ಒಬ್ಬರು ಮೇಲೆ ಹೋಗಬೇಕು: ಮೋಡಣ್ಣ, ಇಲ್ಲವೇ ಪಕ್ಕದ ಮೇಜಿನ ರವಾನೆ ಗುಮಾಸ್ತ. ‘ಇಬ್ಬರೂ ರಕ್ತಪರೀಕ್ಷೆ ಮಾಡಿಸಿ, ಚೀಟಿಯೊಂದಿಗೆ ಮಧ್ಯಾಹ್ನ ಮೂರಕ್ಕೆ ನನ್ನನ್ನು ಕಾಣುವುದು’ ಎಂದು ಸಾಹೇಬರು ಬರೆದು ಕಳಿಸಿದ್ದರು.

ರವಾನೆ ಗುಮಾಸ್ತ ಅದಕ್ಕೆ ಭಾಷ್ಯ ಬರೆದಿದ್ದ. “ಕೌಂಟರ್ ಅಂದ್ರೆ ನಗುಮುಖ ಬೇಕು ಕಣಯ್ಯ. ನಿನ್ನ ಮುಖ ನೋಡಿದ್ರೆ ಬಂದವರು ‘ಯಾವಾಗ ಹೋದ್ರು’ ಅಂತ ವಿಚಾರಿಸ್ತಾರೆ. ನಾನಂತೂ ವಾರದಿಂದ ಕನ್ನಡಿ ಮುಂದೆ ಅಭ್ಯಾಸ ಮಾಡ್ತಾ ಇದ್ದೀನಿ. ಹೇಳಿಲ್ಲ ಅನ್ಬೇಡ.”

ಹಾಗಾಗಿ ಮೂರು ಗಂಟೆಯೊಳಗೆ ಮೋಡಣ್ಣನ ಮುಖದಲ್ಲಿ ಒಂದು ನಗು ಮೂಡಲೇಬೇಕಾಗಿತ್ತು. ಅದಕ್ಕೆ ಬಿಸಿಲು ಬೇಕಾಗಿತ್ತು. ಎರಡು ಮೂರು ತಿಂಗಳು ಎಂದ ಡಾಕ್ಟರ ಮಾತನ್ನು ಅವನ ಕಿವಿ ಒಳಗೆ ಬಿಟ್ಟುಕೊಂಡಿರಲಿಲ್ಲ. ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದ.

ಬಿಸಿಲೇನು, ತಲೆ ಎತ್ತಿದರೆ ಸಿಗುತ್ತದೆ ಎನ್ನುವವರು ಮೋಡಣ್ಣ ಇದ್ದ ಕಟ್ಟಡವನ್ನು ನೋಡಿಲ್ಲ. ನಾಲ್ಕು ಮಹಡಿ, ಹನ್ನೆರಡು ಮನೆ. ಎರಡೂ ಪಕ್ಕದಲ್ಲಿ ಅದರ ಮೂರು ಪಟ್ಟು ಎತ್ತರದ ಕಟ್ಟಡಗಳು. ಚಳಿಗಾಲದಲ್ಲಿ ಆ ಎರಡರ ನಡುವಿನ ಸಂದಿನಿಂದ ತಾರಸಿಯ ಮೇಲೆ ಎರಡು ಚಾಪೆಯಷ್ಟು ಬಿಸಿಲು ಬೀಳುತ್ತಿತ್ತು, ಅದೂ ಹನ್ನೊಂದು ಹತ್ತರಿಂದ ಹನ್ನೊಂದು ಐವತ್ತರವರೆಗೆ. ಅದಕ್ಕಾಗಿ ಹಿಂದೆ ಜಗಳವಾಗಿ, ಜುಟ್ಟು ಕೈಗೆ ಬಂದು, ಕೊನೆಗೆ ಸಂಘದವರು ಪಾಳಿ ಮಾಡಿದ್ದರು. ದಿನಕ್ಕೊಂದು ಮನೆ. ಮೆಟ್ಟಿಲ ಬುಡದಲ್ಲಿ ‘ಬಿಸಿಲು ಪಾಳಿ’ ಎಂಬ ಹಲಗೆ. ಸಮಯ ಮುಗಿದ ಕೂಡಲೇ ಸಂಘದ ಸೆಕ್ರೆಟರಿ ವಿಸಿಲ್ ಊದುತ್ತಿದ್ದರು.

ಮೋಡಣ್ಣ ಹಲಗೆ ನೋಡಿದ. ಅವನ ಪಾಳಿಗೆ ಇನ್ನೂ ಐದು ದಿನ. ಇವತ್ತಿನದು ಒಂಬತ್ತನೇ ನಂಬರಿನದು.

ಒಂಬತ್ತನೇ ಮನೆಗೆ ಬೀಗ ಬಿದ್ದು ಆರು ವರ್ಷವಾಗಿತ್ತು. ಮೋಡಣ್ಣ ಈ ಕಟ್ಟಡಕ್ಕೆ ಬಂದದ್ದು ಐದು ವರ್ಷದ ಹಿಂದೆ. ಅಲ್ಲಿ ಒಬ್ಬಂಟಿ ಮುದುಕಿ ಇದ್ದಳು, ಒಂದು ಚಳಿಗಾಲದಲ್ಲಿ ತೀರಿಕೊಂಡಳು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಆದರೂ ಹಲಗೆಯಿಂದ ಅವಳ ನಂಬರನ್ನು ಯಾರೂ ಅಳಿಸಿರಲಿಲ್ಲ.

“ಸೆಕ್ರೆಟರಿಗಳೇ, ಇವತ್ತು ಒಂಬತ್ತನೇ ನಂಬರಿನ ಪಾಳಿ ಖಾಲಿ ಅಲ್ವಾ? ನಾನು ಹೋಗ್ಲಾ?”

ಸೆಕ್ರೆಟರಿಯ ಕತ್ತಿನಲ್ಲಿದ್ದ ವಿಸಿಲ್ ತನ್ನಷ್ಟಕ್ಕೆ ತೂಗಾಡಿತು. ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಖಾಲಿ ಅಂತ ಯಾರಯ್ಯಾ ಹೇಳಿದ್ದು? ಅವರ ಪಾಳಿ ಅವರದೇ. ಬರ್ತಾರೆ.”

“ಯಾರು?”

“ಅವರು.”

ಕೆಳಮನೆಯ ಟೈಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದಳು. “ಹೋಗ್ಬೇಡಪ್ಪಾ ತಮ್ಮಾ. ಆ ದಿನ ನಾನು ತಾರಸಿ ಕಡೆ ತಲೆ ಎತ್ತಿ ಕೂಡ ನೋಡಲ್ಲ. ನನ್ನ ಕೈ ನೋಡು, ಹೇಳ್ತಿದ್ರೇನೇ ರೋಮ ನಿಂತಿದೆ.”

ಎರಡನೇ ಮಹಡಿಯ ನಿವೃತ್ತ ಭೂಗೋಳದ ಮೇಷ್ಟ್ರು ಕಂಬಿಯ ಮೇಲಿಂದ ಬಗ್ಗಿ ಹೇಳಿದರು: “ನಾನು ಇಂಥದನ್ನೆಲ್ಲ ನಂಬೋನಲ್ಲ. ಆದ್ರೂ ಹೋಗಲ್ಲ.”

ಮೋಡಣ್ಣ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೋಗಿ ಬನ್ನಿ ರೀ. ನಿಮ್ಮನ್ನ ನೋಡಿದ್ರೆ ಆ ಮುದುಕೀನೇ ಹೆದರ್ಕೋತಾಳೆ.”

ಹನ್ನೊಂದು ಗಂಟೆಗೆ ಮೋಡಣ್ಣ ಮೆಟ್ಟಿಲು ಹತ್ತಿದ. ಆ ಮೆಟ್ಟಿಲಿಗೆ ಹಗಲಲ್ಲೂ ದೀಪ ಬೇಕು. ಇಡೀ ಕಟ್ಟಡ ಸದ್ದಡಗಿತ್ತು. ಹೊಲಿಗೆ ಯಂತ್ರವಿಲ್ಲ, ಮೇಷ್ಟ್ರ ರೇಡಿಯೋ ಇಲ್ಲ, ಯಾರ ಮನೆಯ ನಲ್ಲಿಯೂ ಸುರಿಯುತ್ತಿಲ್ಲ. ಮೂರನೇ ಮಹಡಿಯಲ್ಲಿ ಒಂಬತ್ತನೇ ಮನೆ ಬಂತು. ಬೀಗಕ್ಕೆ ತುಕ್ಕು ಹಿಡಿದಿತ್ತು. ಬಾಗಿಲ ಮುಂದಿನ ಕಾಲೊರಸು ಮಾತ್ರ ಈಗಷ್ಟೇ ಕೊಡವಿ ಹಾಕಿದ ಹಾಗೆ ಶುಚಿಯಾಗಿತ್ತು.

ಒಳಗೆ ಯಾರೋ ಕುರ್ಚಿ ಸರಿಸಿದರು.

ಮೋಡಣ್ಣನಿಗೆ ಕೆಳಗೆ ಓಡುವ ಮನಸ್ಸಿತ್ತು. ಆದರೆ ಕೆಳಗೆ ಎಂದೊಡನೆ ಅವನಿಗೆ ನೆನಪಾದದ್ದು ನೆಲಮಾಳಿಗೆ. ನಿವೃತ್ತಿಯವರೆಗೆ ಇನ್ನು ಹದಿನಾರು ವರ್ಷ ಅಲ್ಲೇ, ಆ ಕಪಾಟುಗಳ ನಡುವೆ, ಮಗಳು ದೊಡ್ಡವಳಾಗುವ ತನಕ ಇದೇ ಮುಖ. ಅದು ದೆವ್ವಕ್ಕಿಂತ ಹೆಚ್ಚು ಹೆದರಿಸಿತು. ಅವನು ಉಸಿರು ಬಿಗಿಹಿಡಿದು ಮೇಲೆ ಹತ್ತಿದ.

ತಾರಸಿಯ ತುಂಬ ಬೆಡ್‌ಶೀಟುಗಳು. ತಂತಿ ತಂತಿಯ ಮೇಲೂ ಬಿಳಿ, ನೀಲಿ, ಗೀಟುಗೀಟಿನ ಬೆಡ್‌ಶೀಟುಗಳು ಬಿಸಿಲು ಬೀಳುವ ಜಾಗದ ಸುತ್ತ ಪರದೆ ಕಟ್ಟಿದ ಹಾಗೆ ನೇತಾಡುತ್ತಿದ್ದವು. ಎಲ್ಲ ಮನೆಯವರೂ ಒಂದೇ ದಿನ ಬೆಡ್‌ಶೀಟು ಒಗೆದರೇ ಎಂದು ಅವನಿಗೆ ಆಶ್ಚರ್ಯವಾಯಿತು. ನಡುವೆ ಒಂದು ಕುರ್ಚಿ ಇತ್ತು. ಅವನು ಹೋಗಿ ಕುಳಿತು ಕಣ್ಣು ಮುಚ್ಚಿದ.

ಹನ್ನೊಂದು ಹತ್ತಕ್ಕೆ ಬಿಸಿಲು ಬಂತು. ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಆಮೇಲೆ ಮುಖಕ್ಕೆ. ಯಾರೋ ಬೆಚ್ಚಗಿನ ಅಂಗೈಯನ್ನು ಕೆನ್ನೆಗೆ ಇಟ್ಟ ಹಾಗಾಯಿತು. ಆಹಾ ಎಂದುಕೊಂಡು ಕಣ್ಣು ಬಿಟ್ಟ.

ಬೆಡ್‌ಶೀಟುಗಳ ಕೆಳಗಿನಿಂದ ಪಾದಗಳು ಹೊರಗೆ ಚಾಚಿಕೊಂಡಿದ್ದವು. ಬರಿಯ ಪಾದಗಳು. ಸುತ್ತಲೂ ಸಾಲಾಗಿ, ಬಿಸಿಲಿನತ್ತ ಬೆರಳು ಮಾಡಿಕೊಂಡು, ಅಲುಗಾಡದೆ.

ಗಾಳಿ ಇರಲಿಲ್ಲ. ಆದರೂ ಬೆಡ್‌ಶೀಟುಗಳು ಮೆಲ್ಲಗೆ ಉಬ್ಬುತ್ತಿದ್ದವು, ಮೆಲ್ಲಗೆ ತಗ್ಗುತ್ತಿದ್ದವು. ಒಂದೊಂದರ ಹಿಂದೆಯೂ ಕುಳಿತ ಆಕಾರ. ಕಚೇರಿಯಲ್ಲಿ ಕಡತ ಎಣಿಸಿ ಎಣಿಸಿ ರೂಢಿಯಾದ ಮನುಷ್ಯ, ಪ್ರಾಣ ಹೋಗುವ ಹೊತ್ತಲ್ಲೂ ಎಣಿಸಿಬಿಟ್ಟ. ಹನ್ನೊಂದು ಜೊತೆ.

ಆಗ ಒಂದು ಬೆಡ್‌ಶೀಟು ಸೀನಿತು.

ಆ ಸೀನು ಮೋಡಣ್ಣನಿಗೆ ಗೊತ್ತಿತ್ತು. ಅದಕ್ಕೆ ವಿಸಿಲ್ಲಿನ ಸದ್ದೂ ಸೇರಿತ್ತು. ಅವನು ಎದ್ದು ಹೋಗಿ ನೀಲಿ ಬೆಡ್‌ಶೀಟನ್ನು ಸರ್ರೆಂದು ಎಳೆದ. ಹಿಂದೆ ಪುಟ್ಟ ಸ್ಟೂಲಿನ ಮೇಲೆ ಸೆಕ್ರೆಟರಿ, ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ಕುಳಿತಿದ್ದರು.

“ತಪಾಸಣೆಗೆ ಬಂದಿದ್ದೆ,” ಎಂದರು ಅವರು.

“ಕೂತ್ಕೊಂಡಾ?”

“ಕೂತೇ ಮಾಡೋ ತಪಾಸಣೆ ಇದು.”

ಗೀಟಿನ ಬೆಡ್‌ಶೀಟಿನ ಹಿಂದಿನಿಂದ ಟೈಲರಕ್ಕ ಬುಸುಗುಟ್ಟಿದಳು. “ಮೆತ್ತಗೆ ಮಾತಾಡ್ರಪ್ಪಾ, ಇರೋದೇ ನಲವತ್ತು ನಿಮಿಷ!” ಅದರ ಪಕ್ಕದಿಂದ ಮೇಷ್ಟ್ರ ದನಿ ಬಂತು: “ಮೂವತ್ತೊಂದು. ಇವನು ಒಂಬತ್ತು ತಿಂದ.”

ಒಂದೊಂದಾಗಿ ಪರದೆಗಳು ಸರಿದವು. ಮೋಡಣ್ಣನದು, ಒಂಬತ್ತನೆಯದು ಬಿಟ್ಟು ಉಳಿದ ಹತ್ತು ಮನೆಗಳಿಂದ ಒಬ್ಬೊಬ್ಬರು. ಆರು ವರ್ಷದಿಂದ ಎಲ್ಲರೂ ಹನ್ನೆರಡು ದಿನಕ್ಕೊಮ್ಮೆ ಹೀಗೆಯೇ ಕಳ್ಳಹೆಜ್ಜೆ ಇಟ್ಟು ಬರುತ್ತಿದ್ದರು. ಎಲ್ಲರಿಗೂ ಎಲ್ಲರದೂ ಗೊತ್ತಿತ್ತು, ಆದರೆ ಯಾರೂ ಯಾರನ್ನೂ ನೋಡಿರಲಿಲ್ಲ. ನೋಡಿದರೆ ಕೇಳಬೇಕಾಗುತ್ತದೆ, ಕೇಳಿದರೆ ಹಲಗೆಯಿಂದ ಆ ನಂಬರೂ ಅದರ ಜೊತೆ ಈ ಪುಕ್ಕಟೆ ಬಿಸಿಲೂ ಹೋಗುತ್ತವೆ. ಅದಕ್ಕೇ ಬೆಡ್‌ಶೀಟಿನ ಏರ್ಪಾಡು. ಹೊಸಬನಾದ ಮೋಡಣ್ಣನನ್ನು ದೂರ ಇಡಲು ಮುದುಕಿಯ ದೆವ್ವ.

“ನಾಚಿಕೆ ಆಗಲ್ವೇನ್ರೀ ನಿಮಗೆ?” ಎಂದ ಮೋಡಣ್ಣ. ಐದು ವರ್ಷದಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು.

“ಆಗುತ್ತೆ. ಹನ್ನೊಂದು ಐವತ್ತಕ್ಕೆ ಆಗ್ಲಿ,” ಎಂದರು ಮೇಷ್ಟ್ರು, ಕಾಲು ಚಾಚಿಕೊಂಡೇ.

ಮೋಡಣ್ಣ ಬೆರಳು ತೋರಿಸಿದ. “ಅವರು ಯಾಕೆ ಇನ್ನೂ ಮುಸುಕು ತೆಗೆದಿಲ್ಲ?”

ಎಲ್ಲರೂ ತಿರುಗಿದರು. ಗೋಡೆಯ ಬಳಿ ಒಂದು ಬೆಡ್‌ಶೀಟು ಉಳಿದಿತ್ತು. ಹಳೆಯದು, ಒಗೆದು ಒಗೆದು ತೆಳ್ಳಗಾದ ಬಿಳಿಯದು. ಅದರ ಕೆಳಗೆ ಸುಕ್ಕುಗಟ್ಟಿದ, ಹಿಮ್ಮಡಿ ಬಿರಿದ ಎರಡು ಪುಟ್ಟ ಪಾದಗಳಿದ್ದವು.

“ಅದು ನಿಮ್ಮ ಅತ್ತೆ ಅಲ್ವಾ?” ಎಂದರು ಸೆಕ್ರೆಟರಿ, ಟೈಲರಕ್ಕನಿಗೆ.

“ನಂಗೆಲ್ಲಿ ಅತ್ತೆ? ನಾನು ನಿಮ್ಮ ತಾಯಿ ಅಂದ್ಕೊಂಡಿದ್ದೆ.”

“ನಮ್ಮ ತಾಯಿ ಹಳ್ಳೀಲಿದ್ದಾರೆ.”

“ನಾನು ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೀನಿ,” ಎಂದರು ಮೇಷ್ಟ್ರು. ಅವರ ದನಿ ಸಣ್ಣಗಾಗಿತ್ತು. “ಒಂದಿನ ಸ್ವಲ್ಪ ಸರೀರಿ ಅಂತ ಮೊಣಕೈಲಿ ತಿವಿದಿದ್ದೆ. ಸರಿದ್ರು.”

ಸುಕ್ಕುಗಟ್ಟಿದ ಹೆಬ್ಬೆರಳು ಒಂದು ಸಲ ಅಲ್ಲಾಡಿತು.

ಹತ್ತು ಜನ ಒಂದೇ ಬಾಗಿಲಲ್ಲಿ ನುಗ್ಗಿದ ರಭಸಕ್ಕೆ ಚೌಕಟ್ಟು ಕಿರುಗುಟ್ಟಿತು. ಸ್ಟೂಲುಗಳು ಉರುಳಿದವು. ಯಾರದೋ ಚಪ್ಪಲಿ ಯಾರದೋ ಕಾಲಿಗೆ ಸೇರಿ ಮೆಟ್ಟಿಲುದ್ದಕ್ಕೂ ಪಟಪಟ ಸದ್ದು ಇಳಿಯುತ್ತಾ ಹೋಯಿತು. ಕೆಳಗೆಲ್ಲೋ ಹತ್ತು ಮನೆಗಳ ಬಾಗಿಲೂ ಹಾಕಿಕೊಂಡವು.

ಮೋಡಣ್ಣ ಮಾತ್ರ ಓಡಲಿಲ್ಲ. ಧೈರ್ಯವಲ್ಲ, ಕಾಲು ಏಳಲಿಲ್ಲ. ತಿಂಗಳುಗಳಿಂದ ಸೋತಿದ್ದ ಮಂಡಿಗಳು ಸರಿಯಾದ ಸಮಯ ನೋಡಿ ಕೈಕೊಟ್ಟಿದ್ದವು. ಕುರ್ಚಿಯಲ್ಲಿ ಕುಸಿದು ಕುಳಿತ.

“ನೀನು ಓಡಿ ಹೋಗ್ಲಿಲ್ವೇನಪ್ಪಾ?” ಬೆಡ್‌ಶೀಟಿನ ಹಿಂದಿನಿಂದ ತೆಳುವಾದ ದನಿ ಬಂತು.

“ಕಾಲು ಏಳ್ತಿಲ್ಲಮ್ಮಾ,” ಎಂದ ಮೋಡಣ್ಣ. ಸುಳ್ಳು ಹೇಳಲೂ ಅವನಲ್ಲಿ ತ್ರಾಣವಿರಲಿಲ್ಲ.

“ನಂಗೂ ಹಾಗೇ ಆಗಿತ್ತು. ಕೊನೇ ಸಲ ನನ್ನ ಪಾಳಿ ಬಂದಾಗ ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ. ಯಾರಾದ್ರೂ ಕೈ ಹಿಡಿದು ಕರ್ಕೊಂಡು ಹೋಗ್ತಾರೇನೋ ಅಂತ ಬಾಗಿಲು ತೆಗೆದಿಟ್ಟು ಕೂತಿದ್ದೆ. ಎಲ್ಲರೂ ನನ್ನ ಬಾಗಿಲ ಮುಂದೇನೇ ಹತ್ತಿ ಹೋದ್ರು. ನನ್ನ ಬಿಸಿಲು ಹಾಳಾಗ್ಬಾರ್ದು ಅಂತ.”

ಮೋಡಣ್ಣ ಕುಳಿತಲ್ಲೇ ಆ ಬೆಡ್‌ಶೀಟಿನತ್ತ ತಿರುಗಿದ.

“ಈಗ ಪರವಾಗಿಲ್ಲ, ಹತ್ತೋಕೆ ಬರುತ್ತೆ,” ಎಂದಿತು ದನಿ. “ಆದ್ರೆ ಒಬ್ಬರೂ ಮಾತಾಡಿಸಲ್ಲ ಕಣೋ. ಪಕ್ಕದಲ್ಲೇ ಕೂತಿರ್ತಾರೆ. ಮುಖ ಮುಚ್ಕೊಂಡಿರ್ತಾರೆ. ನೀನ್ಯಾಕೆ ಹೀಗೆ ಮುಖ ಇಳಿಬಿಟ್ಟಿದ್ದೀಯ?”

ಹದಿನಾಲ್ಕು ವರ್ಷದಲ್ಲಿ ಮೋಡಣ್ಣನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮುಖ ಹೀಗೆ ಯಾಕಿದೆ ಎಂದು ಎಲ್ಲರೂ ಹಂಗಿಸಿದ್ದರು, ಕೇಳಿರಲಿಲ್ಲ. ಅವನು ಹೇಳತೊಡಗಿದ. ನೆಲಮಾಳಿಗೆ, ಮಿಣುಕುವ ಟ್ಯೂಬ್‌ಲೈಟು, ಬಚ್ಚಲಲ್ಲಿ ನಿಂತದ್ದು, ಮಗಳು ಹೇಳಿದ್ದು. ಹೇಳುತ್ತಾ ಕಣ್ಣೀರು ಸುರಿಯಿತು. ಬಿಸಿಲು ಅದನ್ನು ಕೆನ್ನೆಯ ಮೇಲೆಯೇ ಒಣಗಿಸಿತು.

“ಕರೆಂಟ್ ಹೋಗಿದೆ ಅಂದ್ಲಾ?” ಬೆಡ್‌ಶೀಟು ಕುಲುಕಿತು. “ಚೂಟಿ ಇದ್ದಾಳೆ. ಅಲ್ಲಾ, ನಾನು ಸತ್ತು ಆರು ವರ್ಷ ಆಯ್ತು, ನನ್ನ ಮುಖ ನಿನ್ನಷ್ಟು ಕೆಟ್ಟಿಲ್ಲ!”

ಮೋಡಣ್ಣ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು. ಎಷ್ಟು ವರ್ಷದ್ದು ಬಾಕಿ ಇತ್ತೋ ಅಷ್ಟನ್ನೂ ನಕ್ಕ. ಹಿತವಾಗಿತ್ತು. ಬದುಕಿರುವುದು ಇಷ್ಟು ಹಿತವೆಂದು ಅವನು ಮರೆತೇಬಿಟ್ಟಿದ್ದ.

ಬಿಸಿಲು ಗೋಡೆ ಏರತೊಡಗಿತು. ಮೋಡಣ್ಣ ಮೇಲೆದ್ದು ಕೈ ಮುಗಿದ. ಯಾರ ಮನೆಯಿಂದ ಹೊರಟರೂ ಹೇಳುವ ಮಾತು ತಾನಾಗಿ ಬಾಯಿಗೆ ಬಂತು: “ಬರ್ತೀನಮ್ಮಾ. ನೀವೂ ಬನ್ನಿ ಒಂದ್ಸಲ ನಮ್ಮ ಆಫೀಸಿಗೆ. ದೇವರು ದಯೆ ತೋರಿದ್ರೆ ಇವತ್ತಿಂದ ನಾನು ಕಿಟಕಿ ಪಕ್ಕ ಕೂರ್ತೀನಿ. ಪಾಳಿ ಗೀಳಿ ಏನಿಲ್ಲ, ದಿನವಿಡೀ ಬಿಸಿಲು.”

“ಹೌದಾ?” ಎಂದಿತು ದನಿ. “ಎಷ್ಟು ವರ್ಷ ಆಯ್ತಪ್ಪಾ, ಒಬ್ಬರು ಬನ್ನಿ ಅಂದು.”

ಬೆಡ್‌ಶೀಟು ಚಪ್ಪಟೆಯಾಗಿ ತಂತಿಯಿಂದ ಇಳಿಬಿತ್ತು. ಹಿಂದೆ ಗೋಡೆಯಷ್ಟೇ ಇತ್ತು.

ನಗುಮುಖ ಹೊತ್ತು ಇಳಿದು ಬಂದ ಮೋಡಣ್ಣನನ್ನು ಕಂಡು ಇಡೀ ಕಟ್ಟಡ ಗೋಡೆಗೆ ಒರಗಿತು. ಟೈಲರಕ್ಕ ಅಳತೆ ಟೇಪನ್ನು ಎದೆಗೆ ಒತ್ತಿ ಹಿಡಿದು, “ನಗ್ತಿದ್ದಾನೆ! ಮೋಡಣ್ಣ ನಗ್ತಿದ್ದಾನೆ! ಮೈಮೇಲೆ ಬಂದಿದೆ!” ಎಂದು ಕೂಗಿದಳು. ಸೆಕ್ರೆಟರಿ ಗೇಟಿಗೆ ಚಿಲಕ ಹಾಕಿದರು. ಮೇಷ್ಟ್ರು ದೂರದಿಂದಲೇ ಛತ್ರಿಯ ತುದಿಯಲ್ಲಿ ಅವನನ್ನು ತಿವಿದು, “ನಿನ್ನ ಹೆಸರು ಹೇಳು” ಎಂದರು. ಮೋಡಣ್ಣ ಹೇಳಿದ. “ಇದು ನಮ್ಮ ಮೋಡಣ್ಣನ ಹೆಸರಲ್ಲ!” ಎಂದು ಮೇಷ್ಟ್ರು ಕಿರುಚಿದರು. ಪಾಪ, ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಹೆಂಡತಿ ಬಂದು ಅವನ ಮುಖ ನೋಡಿ, ಒಂದು ಗಳಿಗೆ ಅವಳೂ ಬೆದರಿ, ಆಮೇಲೆ ಕಣ್ಣು ಒದ್ದೆ ಮಾಡಿಕೊಂಡು, “ಇವರು ಮದುವೆ ಹೊತ್ತಲ್ಲಿ ಹೀಗೇ ಇದ್ರು, ಬಿಡ್ರೀ” ಎಂದು ಗೇಟು ತೆಗೆಸುವಷ್ಟರಲ್ಲಿ ಎರಡೂವರೆ.

ಮೂರಕ್ಕೆ ಸರಿಯಾಗಿ ಅವನು ಸಾಹೇಬರ ಕೋಣೆಯ ಮುಂದಿದ್ದ. ರವಾನೆ ಗುಮಾಸ್ತ ಆಗಷ್ಟೇ ಹೊರಗೆ ಬಂದ. ಅವನ ಕೆನ್ನೆ ಊದಿಕೊಂಡು, ಕಣ್ಣಲ್ಲಿ ನೀರು ತುಂಬಿ, ಮುಖ ನೋಡಲಾಗದ ಹಾಗಿತ್ತು. “ಹಲ್ಲುನೋವು ಕಣಯ್ಯ,” ಎಂದು ನರಳಿದ. “ನಗೋಕೆ ಬಾಯಿ ತೆಗೆದ್ರೆ ಪ್ರಾಣ ಹೋಗುತ್ತೆ. ಕೌಂಟರ್ ನಿಂದೇ, ಹೋಗು.”

ಮೋಡಣ್ಣ ಒಳಗೆ ಹೋದ. ಅಭ್ಯಾಸವೇನೂ ಬೇಕಾಗಲಿಲ್ಲ. ಮಧ್ಯಾಹ್ನದ ನಗು ಇನ್ನೂ ಮುಖದ ಮೇಲೆ ಹಾಗೆಯೇ ಇತ್ತು. ಸಾಹೇಬರು ತಲೆ ಎತ್ತಿದವರು ನೋಡುತ್ತಲೇ ಉಳಿದರು.

“ಏನ್ರೀ ಇದು! ಇಷ್ಟು ಗೆಲುವಾಗಿದ್ದೀರ!”

“ಹೌದು ಸಾರ್. ಸದಾ ಹೀಗೇ ಇರ್ತೀನಿ ಸಾರ್.”

“ಸದಾ?”

“ಬೆಳಗ್ಗೆಯಿಂದ ಸಂಜೆ ತನಕ ಸಾರ್. ನನಗೆ ನಗೋದೊಂದೇ ಗೊತ್ತು.”

ಸಾಹೇಬರು ನೆಮ್ಮದಿಯ ಉಸಿರು ಬಿಟ್ಟರು. “ಸದ್ಯ, ನನ್ನ ತಲೆಭಾರ ಇಳೀತು. ನೋಡಿ, ನೆಲಮಾಳಿಗೇಲಿ ಬಿಸಿಲಿಲ್ಲದೆ ಜನ ಕುಗ್ಗಿ ಹೋಗ್ತಾರೆ, ತೀರಾ ಕುಗ್ಗಿದವರನ್ನ ಕಿಟಕಿ ಪಕ್ಕ ಕೂರಿಸಿ ಅಂತ ಮೇಲಿಂದ ಹೇಳಿ ಕಳಿಸಿದ್ದಾರೆ. ಬೆಳಗ್ಗೆ ಡಾಕ್ಟರು ಫೋನಲ್ಲಿ ನಿಮ್ಮ ಅಂಕಿ ಹೇಳಿದಾಗ್ಲೇ ಗಾಬರಿಯಾಗಿ ನಿಮ್ಮ ಹೆಸರನ್ನೇ ಬರೆದಿಟ್ಟಿದ್ದೆ. ಈಗ ನಿಮ್ಮನ್ನ ನೋಡಿದ್ರೆ ಅಂಕಿ ಗಿಂಕಿ ಎಲ್ಲ ಸುಳ್ಳು. ನೆಲಮಾಳಿಗೆ ನಿಮಗೆ ಚೆನ್ನಾಗಿ ಒಗ್ಗಿದೆ! ಆ ಬಡಪಾಯಿ ರವಾನೆಯವರನ್ನ ನೋಡಿದ್ರಾ? ಮಾತಾಡೋಕೇ ಆಗ್ತಿಲ್ಲ, ಕಣ್ಣಲ್ಲಿ ನೀರು. ಅವರು ಮೇಲೆ ಬರ್ಲಿ.”

“ಸಾರ್, ಇದು ಇವತ್ತೊಂದಿನದ್ದು ಸಾರ್! ಇವತ್ತು ನಮ್ಮ ತಾರಸಿ ಮೇಲೆ, ಸತ್ತು ಹೋದ ಒಬ್ಬರು ಅಜ್ಜಿ ಜೊತೆ ಬಿಸಿಲಲ್ಲಿ ಕೂತು…”

ಸಾಹೇಬರು ಮೇಜು ಕುಟ್ಟಿ ನಕ್ಕರು. “ಹಾಸ್ಯಪ್ರಜ್ಞೆ ಬೇರೆ! ನಿಮ್ಮಂಥವರು ಕೆಳಗೆ ಒಬ್ಬರು ಇರಲೇಬೇಕು ಕಣ್ರೀ.” ಪೆನ್ನು ಕಾಗದದ ಮೇಲೆ ಹರಿಯಿತು.

ಮೋಡಣ್ಣ ಮೆಟ್ಟಿಲಿಳಿದ. ಕಬ್ಬಿಣದ ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಂಡಿತು. ರವಾನೆ ಗುಮಾಸ್ತನ ಮೇಜಿನ ಹಿಂದೆ ಯಾರೂ ಇರಲಿಲ್ಲ. ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹತ್ತಿಕೊಂಡಿತು. ಸೀಲಿಂಗಿನವರೆಗೆ ಕಡತಗಳು, ತೇವದ ವಾಸನೆ, ಒಂದು ಕಿಟಕಿಯೂ ಇಲ್ಲದ ನಾಲ್ಕು ಗೋಡೆ. ಅವನ ಮುಖದ ಮೇಲಿದ್ದ ನಗು ಕರಗಿ, ಹಳೆಯ ಮುಖ ತನ್ನ ಜಾಗಕ್ಕೆ ವಾಪಸು ಬಂದು ಕುಳಿತುಕೊಂಡಿತು. ಅಳುವುದಕ್ಕೂ ಅವನಿಗೆ ಮನಸ್ಸಾಗಲಿಲ್ಲ.

ಕಪಾಟುಗಳ ಹಿಂದೆ ಯಾರೋ ಕುರ್ಚಿ ಎಳೆದುಕೊಂಡರು.

“ಬಂದ್ಬಿಟ್ಟೆ ಕಣಪ್ಪಾ,” ಎಂದಿತು ತೆಳುವಾದ ದನಿ, ಖುಷಿಯಿಂದ. “ಮನೆ ಖಾಲಿ ಮಾಡ್ಕೊಂಡೇ ಬಂದೆ. ಇಲ್ಲಿ ಬಿಸಿಲು ಎಷ್ಟು ಗಂಟೆಗೆ ಬರುತ್ತೆ?”

ಮೋಡಣ್ಣ ಗೋಡೆಗಳತ್ತ ನೋಡಿದ.

“ಪರವಾಗಿಲ್ಲ, ಕಾಯ್ತೀನಿ,” ಎಂದಿತು ದನಿ. “ನಂಗೇನೂ ಅವಸರ ಇಲ್ಲ.”